ಮಂಗೋಲಿಯಾದ ಗೆರ್ ಹೋಮ್‌ಸ್ಟೇ ರಿವ್ಯೂ: ಟೂರಿಸ್ಟ್ ಕ್ಯಾಂಪ್ ಬಿಡಿ, ಕುದುರೆ ಕುರಿ ಸಾಕೋರ ಮನೆಗೇ ಹೋಗಿ

ಮೊದಲೇ ಹೇಳ್ಬಿಡ್ತೀನಿ, ಮಂಗೋಲಿಯಾಗೆ ಹೋಗೋರು ಖರ್ಚು ಮಾಡಬೇಕಾಗಿರೋದು ದನ ಕುರಿ ಕುದುರೆ ಕಟ್ಕೊಂಡು ನಿಜವಾಗ್ಲೂ ಹಾಗೇ ಬದುಕ್ತಿರೋ ಮನೆಯ ಹೋಮ್‌ಸ್ಟೇಗೆ. ಸಾಲಾಗಿ ಇಪ್ಪತ್ತು ಮೂವತ್ತು ಬಿಳಿ ಗೆರ್, ಅಂದ್ರೆ ಅಲ್ಲಿನ ಉಣ್ಣೆ ಹೊದಿಸಿದ ದುಂಡನೆ ಮನೆ, ನಿಲ್ಸಿ, ಒಂದು ರೆಸ್ಟೋರೆಂಟು ಒಂದು ಶವರ್ ಬ್ಲಾಕ್ ಕಟ್ಟಿರೋ ಕ್ಯಾಂಪುಗಳಲ್ಲೂ ಉಳ್ಕೊಂಡಿದೀನಿ, ಕೆಟ್ಟದು ಅಂತ ಹೇಳಲ್ಲ, ಬಿಸಿನೀರು ಬರತ್ತೆ ಹಾಸಿಗೆ ಮೆತ್ತಗಿರತ್ತೆ. ಆದ್ರೆ ಅಲ್ಲಿ ಕುದುರೆ ಇರೋದು ನಮ್ಮನ್ನ ಕೂರಿಸ್ಕೊಂಡು ಒಂದು ರೌಂಡ್ ಹೊಡಿಯೋಕೆ ಮಾತ್ರ. ಮನೆಗೆ ಹೋದ್ರೆ ಬೇರೆ ಲೋಕ. ಅಲ್ಲಿ ಎಲ್ರಿಗೂ ಕೆಲಸ ಇರತ್ತೆ, ನೀವು ಬಂದಿದೀರಾ ಅಂತ ಯಾರೂ ಕೆಲಸ ನಿಲ್ಸಲ್ಲ, ಅದೇ ನನಗೆ ಹಿಡಿಸಿದ್ದು.

ನಾವು ಹೋಗಿದ್ದು ಜುಲೈನಲ್ಲಿ, ನಾದಮ್ ಹಬ್ಬ ಮುಗಿದ ಮೇಲೆ. ಜುಲೈ 11ರಿಂದ 13ರವರೆಗೆ ಕುಸ್ತಿ, ಕುದುರೆ ರೇಸು, ಬಿಲ್ಲುಗಾರಿಕೆ ಅಂತ ಇಡೀ ದೇಶ ಹಬ್ಬದಲ್ಲಿರತ್ತೆ, ಆಗ ರೂಮು ಗಾಡಿ ಎಲ್ಲದಕ್ಕೂ ರೇಟು ಜಾಸ್ತಿ, ಹಬ್ಬ ನೋಡ್ಲೇಬೇಕು ಅನ್ನೋರು ಮೊದಲೇ ಬುಕ್ ಮಾಡ್ಕೊಳ್ಳಿ. ಹೋಮ್‌ಸ್ಟೇ ಇದ್ದಿದ್ದು ಅರ್ಖಂಗಾಯ್ ಪ್ರಾಂತ್ಯದಲ್ಲಿ, ರಾಜಧಾನಿ ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ. ದಾರೀಲಿ ಹುಸ್ತಾಯ್ ನ್ಯಾಷನಲ್ ಪಾರ್ಕ್ ಸಿಗತ್ತೆ, ಕಾಡಿನಲ್ಲಿ ಪೂರ್ತಿ ಇಲ್ಲವಾಗಿದ್ದ ತಾಖಿ ಅನ್ನೋ ಕಾಡುಕುದುರೆಗಳನ್ನ 1992ರಲ್ಲಿ ಯುರೋಪಿನಿಂದ ವಾಪಸ್ ತಂದು ಬಿಟ್ಟ ಜಾಗಗಳಲ್ಲಿ ಇದೂ ಒಂದು, ಸಂಜೆ ಹೊತ್ತಿಗೆ ಹೋದ್ರೆ ನೀರಿಗೆ ಇಳಿಯೋದು ಕಾಣತ್ತೆ. ಆಮೇಲೆ ಖಾರ್ಖೋರಿನ್, ಅಂದ್ರೆ ಹಳೇ ಕಾರಕೋರಂ, 13ನೇ ಶತಮಾನದಲ್ಲಿ ಚಿಂಗಿಸ್ ಖಾನನ ಮಗ ಒಗೆದೇಯ್ ಗೋಡೆ ಕಟ್ಟಿ ರಾಜಧಾನಿ ಮಾಡ್ಕೊಂಡಿದ್ದ ಊರು. ಈಗ ಅಲ್ಲಿ ನೋಡೋಕೆ ಉಳಿದಿರೋದು ಮುಖ್ಯವಾಗಿ ಎರ್ದೆನೆ ಜೂ ಮಠ, ಸುತ್ತಲೂ ಗೋಡೆ ಮೇಲೆ ಬಿಳಿ ಸ್ತೂಪಗಳ ಸಾಲು. ಒಳಗೆ ಒಂದು ಕಾಲಕ್ಕೆ ತುಂಬ ಗುಡಿಗಳಿದ್ವಂತೆ, 1930ರ ದಶಕದ ಕೊನೇಲಿ ಕಮ್ಯುನಿಸ್ಟ್ ಸರ್ಕಾರ ಹೆಚ್ಚಿನದ್ದನ್ನ ಒಡೆದು ಹಾಕ್ತು, ದೇಶದ ತುಂಬ ಸಾವಿರಾರು ಲಾಮಾಗಳನ್ನ ಕೊಂದ್ರು. ಆ ಖಾಲಿ ಬಯಲಲ್ಲಿ ನಡೆಯುವಾಗ ಹೊಟ್ಟೆ ಹಿಂಡಿದ ಹಾಗಾಗತ್ತೆ.

ರಸ್ತೆ ಬಗ್ಗೆ. ಮೇನ್ ರೋಡು ಡಾಂಬರು, ಚೆನ್ನಾಗೇ ಇದೆ. ಅದನ್ನ ಬಿಟ್ಟು ಒಳಗೆ ಇಳಿದ್ರೆ ರೋಡು ಅನ್ನೋದೇ ಇಲ್ಲ, ಹುಲ್ಲಿನ ಮೇಲೆ ನಾಲ್ಕೈದು ಗಾಲಿ ಗುರುತು ಪಕ್ಕಪಕ್ಕ ಹೋಗಿರತ್ತೆ, ಡ್ರೈವರ್ ಅದರಲ್ಲಿ ಒಂದನ್ನ ಆರಿಸ್ಕೊಂಡು ಹೋಗ್ತಾ ಇರ್ತಾರೆ, ಬೋರ್ಡಿಲ್ಲ ಮೈಲಿಗಲ್ಲಿಲ್ಲ. ಗಾಡಿ ರಷ್ಯಾದ ಹಳೇ ಕಾಲದ ವ್ಯಾನು, ಎಲ್ರೂ ಪುರ್ಗಾನ್ ಅಂತಾರೆ, ನೋಡೋಕೆ ಬ್ರೆಡ್ ಥರ ಇರತ್ತೆ. ಎಸಿ ಇಲ್ಲ, ಸಸ್ಪೆನ್ಷನ್ ಬಗ್ಗೆ ಮಾತಾಡೋದೇ ಬೇಡ, ಆದ್ರೆ ಹೊಳೇಲಿ ಇಳಿದು ಆಚೆ ಹತ್ತತ್ತೆ, ಕೆಟ್ಟು ನಿಂತ್ರೆ ಡ್ರೈವರೇ ಬಿಚ್ಚಿ ರಿಪೇರಿ ಮಾಡ್ತಾರೆ. ಬೆನ್ನುನೋವು ಇರೋರು ಜಪಾನಿನ ಫೋರ್‌ವೀಲ್ ಗಾಡೀನೇ ಕೇಳಿ ತಗೊಳ್ಳಿ. ವಿಮಾನದ ಟಿಕೆಟ್ ಬಿಟ್ರೆ ಅತಿ ದೊಡ್ಡ ಖರ್ಚು ಗಾಡಿ, ಡ್ರೈವರ್, ಪೆಟ್ರೋಲ್‌ದೇ, ಹಾಗಾಗಿ ನಾಲ್ಕು ಜನ ಸೇರಿ ಹೋದ್ರೆ ತುಂಬ ಉಳಿಯತ್ತೆ.

ಈಗ ಮನೆ. ಗೆರ್ ಅಂದ್ರೆ ಟೆಂಟ್ ಅಂತ ತಿಳ್ಕೋಬೇಡಿ, ಅದು ಪೂರ್ತಿ ಮನೆ, ಬಿಚ್ಚಿ ಹೇರ್ಕೊಂಡು ಹೋಗೋಕಾಗೋ ಮನೆ. ಸುತ್ತ ಮರದ ಪಟ್ಟಿಯ ಜಾಲರಿ, ಅದನ್ನ ಖಾನ ಅಂತಾರೆ, ಬಿಚ್ಚಿದಾಗ ಮಡಚ್ಕೊಳ್ಳತ್ತೆ. ಅದರ ಮೇಲಿಂದ ಕೋಲುಗಳು ಓರೆಯಾಗಿ ಮೇಲಕ್ಕೆ ಹೋಗಿ ತೋನೋ ಅನ್ನೋ ಮರದ ಚಕ್ರದ ತೂತುಗಳಲ್ಲಿ ಕೂರ್ತವೆ, ಆ ಚಕ್ರಕ್ಕೆ ಆಸರೆಯಾಗಿ ನಡುವೆ ಎರಡು ಕಂಬ. ಇದರ ಮೇಲೆ ಕುರಿ ಉಣ್ಣೆ ನೆನೆಸಿ ಒತ್ತಿ ಮಾಡಿದ ದಪ್ಪ ಹೊದಿಕೆ, ಅದರ ಮೇಲೆ ಬಿಳಿ ಬಟ್ಟೆ, ಸುತ್ತಲೂ ಹಗ್ಗ ಬಿಗಿದು ಕಟ್ಟಿದ್ರೆ ಮುಗೀತು, ಮನೆಮಂದಿಯೆಲ್ಲ ಸೇರಿದ್ರೆ ಒಂದೆರಡು ಗಂಟೇಲಿ ಎದ್ದು ನಿಲ್ಲತ್ತೆ. ಈ ಕಟ್ಟೋ ಕಸುಬನ್ನ ಯುನೆಸ್ಕೋ 2013ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ, ಬಿಸಿಲು ತೋನೋದಿಂದ ಒಳಗೆ ಬಿದ್ದು ಬೆಳಗ್ಗೆಯಿಂದ ಸಂಜೆವರೆಗೆ ಗೋಡೆ ಮೇಲೆ ಸುತ್ತಿ ಬರತ್ತೆ, ಅದು ಯಾವ ಕೋಲಿನ ಮೇಲೆ ಬಿದ್ದಿದೆ ಅಂತ ನೋಡಿ ಹೊತ್ತು ಹೇಳ್ತಾರೆ. ನಮ್ಮನೆ ಅಜ್ಜಿ, ಅಂದ್ರೆ ನಾವಿದ್ದ ಮನೆಯ ಅಜ್ಜಿ, ಮೊಬೈಲ್ ಪಕ್ಕದಲ್ಲೇ ಇದ್ರೂ ಮೇಲೆ ನೋಡಿಯೇ ಹಾಲು ಕರೆಯೋಕೆ ಏಳ್ತಿದ್ರು.

ಒಳಗೆ ಕೂರೋಕೆ ಒಂದು ಕ್ರಮ ಇದೆ, ಅದನ್ನ ತಿಳ್ಕೊಂಡು ಹೋಗಿ. ಹೊಸ್ತಿಲು ತುಳಿಯೋ ಹಾಗಿಲ್ಲ, ದಾಟಬೇಕು, ಇದನ್ನ ನಮ್ಮೋರಿಗೆ ಹೇಳಿಕೊಡೋದೇ ಬೇಡ. ಒಳಗೆ ಹೋದ ಅತಿಥಿ ಎಡಗಡೆ, ಅಂದ್ರೆ ಪಶ್ಚಿಮದ ಕಡೆಗೆ ಹೋಗಿ ಕೂರಬೇಕು, ಬಲಗಡೆ ಅಡುಗೆ ಪಾತ್ರೆ ಹಾಲು ಮೊಸರಿನ ಜಾಗ, ಅದು ಹೆಂಗಸರದ್ದು. ಬಾಗಿಲಿಗೆ ಎದುರು ಇರೋ ಉತ್ತರದ ಭಾಗ ಹಿರಿಯರಿಗೆ, ಅಲ್ಲೇ ದೇವರ ಫೋಟೋ, ಮನೆಯವರ ಫೋಟೋ, ಮೆಡಲ್ಲು ಎಲ್ಲ ಇಟ್ಟಿರ್ತಾರೆ. ನಡುವಿನ ಎರಡು ಕಂಬಕ್ಕೆ ಒರಗಬಾರದು, ಅವುಗಳ ನಡುವೆ ಹಾದು ಹೋಗಬಾರದು, ಒಲೆಗೆ ಕಸ ಹಾಕಬಾರದು. ಏನೇ ಕೊಟ್ರೂ ಬಲಗೈಲಿ ತಗೋಬೇಕು, ಎಡಗೈ ಬಲ ಮೊಣಕೈಗೆ ಆನಿಸಿರಬೇಕು. ನಮ್ಮ ಗೈಡ್ ಹುಡುಗಿ ಇದನ್ನೆಲ್ಲ ಗಾಡೀಲೇ ಹೇಳ್ಕೊಟ್ಟಿದ್ರಿಂದ ಮನೆಯವರ ಮುಖದಲ್ಲಿ ಖುಷಿ ಕಾಣ್ತಿತ್ತು. ಅವಳು ಮನೆಯಾಕೆಯನ್ನ ಎಗ್ಚ್ ಅಂತ ಕರೀತಿದ್ಲು, ಅಕ್ಕ ಅಂತ, ನಾವೂ ಹಾಗೇ ಕರೆದ್ವಿ. ಗೈಡ್ ಇಲ್ಲದೆ ಹೋಗ್ಬೇಡಿ. ಇಂಗ್ಲಿಷ್ ಆ ಕಡೆ ನಡಿಯಲ್ಲ, ಫೋನಿನ ಟ್ರಾನ್ಸ್‌ಲೇಟರ್‌ಗೆ ಸಿಗ್ನಲ್ ಸಿಕ್ಕಿದ್ರೆ ಪುಣ್ಯ.

ಊಟದ ವಿಷಯಕ್ಕೆ ಬರ್ತೀನಿ, ಎಲ್ರೂ ಕೇಳೋದು ಇದನ್ನೇ. ಬೆಳಗ್ಗೆ ಎದ್ದ ಕೂಡ್ಲೇ ಸುತೇ ತ್ಸಾಯ್, ಉಪ್ಪು ಹಾಕಿದ ಹಾಲಿನ ಟೀ, ಸಕ್ಕರೆ ಇಲ್ಲ. ಮಾಡಿದ ಮೊದಲ ಸೌಟನ್ನ ಮನೆಯಾಕೆ ಹೊರಗೆ ಹೋಗಿ ಆಕಾಶಕ್ಕೆ ಎರಚಿ ಬರ್ತಾರೆ, ಆಮೇಲೇ ನಮಗೆ. ಟೀ ಅಂತ ಕುಡಿದ್ರೆ ಬೇಜಾರಾಗತ್ತೆ, ಸಾರು ಅಂದ್ಕೊಂಡು ಕುಡಿದ್ರೆ ಎರಡನೇ ದಿನಕ್ಕೆ ಬೇಕೇ ಬೇಕು ಅನ್ಸತ್ತೆ, ಆ ಚಳಿಗೆ ಅದೇ ಸರಿ. ಬೇಸಿಗೆ ಪೂರ್ತಿ ಇವರದ್ದು ಹಾಲಿನ ಊಟ. ಯಾಕ್ ಅನ್ನೋ ಉದ್ದ ಕೂದಲಿನ ದನದ ಹಾಲನ್ನ ದೊಡ್ಡ ಬಾಣಲೇಲಿ ಕಾಯಿಸಿ, ಸೌಟಲ್ಲಿ ಎತ್ತಿ ಎತ್ತಿ ಸುರಿದು ನೊರೆ ಬರಿಸಿ, ಸಣ್ಣ ಉರಿ ಮೇಲೆ ಬಿಟ್ಟು ರಾತ್ರಿ ಪೂರ್ತಿ ಆರೋಕೆ ಇಡ್ತಾರೆ, ಬೆಳಗ್ಗೆ ಮೇಲೆ ಬೆರಳು ದಪ್ಪ ಕೆನೆ ಕಟ್ಟಿರತ್ತೆ, ಅದನ್ನ ದೋಸೆ ಎತ್ತಿದ ಹಾಗೆ ಎತ್ತಿ ಅರ್ಧಕ್ಕೆ ಮಡಚಿಡ್ತಾರೆ. ಹೆಸರು ಒರೋಮ್. ಬ್ರೆಡ್ ಮೇಲೆ ಹಚ್ಚಿ ಸ್ವಲ್ಪ ಸಕ್ಕರೆ ಉದುರಿಸಿ ತಿಂದ್ರೆ ಬೇರೇನೂ ಬೇಡ, ಇಡೀ ಟ್ರಿಪ್‌ನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಅದೇ. ಗೆರ್ ಮೇಲ್ಛಾವಣಿ ಮೇಲೆ ಹಲಗೆ ಇಟ್ಟು ಆರುಲ್ ಒಣಗಿಸ್ತಾರೆ, ಹುಳಿ ಮೊಸರಿನ ಗಟ್ಟಿ ತುಂಡು, ಕಚ್ಚೋಕೆ ಹೋದ್ರೆ ಹಲ್ಲಿಗೆ ಕಷ್ಟ, ಬಾಯಲ್ಲಿಟ್ಕೊಂಡು ಚೀಪಬೇಕು. ಬೇಸಿಗೇಲಿ ಮಾಡಿಟ್ಟ ಈ ಆರುಲ್ಲು ಚಳಿಗಾಲ ಪೂರ್ತಿ ಬರತ್ತೆ.

ಐರಾಗ್ ಅಂದ್ರೆ ಹುದುಗಿಸಿದ ಕುದುರೆ ಹಾಲು, ಅದಕ್ಕೆ ಅರ್ಖಂಗಾಯ್ ಹೆಸರುವಾಸಿ. ಇದರ ಹಾಲು ಕರೆಯೋದನ್ನ ಹತ್ತಿರದಿಂದ ನೋಡೋಕೆ ಸಿಕ್ಕಿದ್ದು ಈ ಹೋಮ್‌ಸ್ಟೇಯ ದೊಡ್ಡ ಲಾಭ. ನೆಲದ ಹತ್ತಿರ ಉದ್ದಕ್ಕೆ ಒಂದು ಹಗ್ಗ ಎಳೆದು ಮರಿಗಳನ್ನ ಸಾಲಾಗಿ ಕಟ್ಟಿರ್ತಾರೆ, ಹಗಲು ಹೊತ್ತು ಅವು ಅಲ್ಲೇ, ಹಾಗಾಗಿ ತಾಯಿ ಕುದುರೆಗಳು ದೂರ ಹೋಗಲ್ಲ. ಒಬ್ಬರು ಮರಿ ಬಿಚ್ಚಿ ತಾಯಿ ಹತ್ತಿರ ತಂದು ಒಂದೆರಡು ಗುಟುಕು ಕುಡಿಯೋಕೆ ಬಿಡ್ತಾರೆ, ಸೊರ ಬಿಟ್ಟ ತಕ್ಷಣ ಮರೀನ ಪಕ್ಕಕ್ಕೆ ಎಳೆದು ತಾಯಿಗೆ ಕಾಣೋ ಹಾಗೇ ಹಿಡ್ಕೊಂಡಿರ್ತಾರೆ, ಅಷ್ಟರಲ್ಲಿ ಅಕ್ಕ ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದರ ಮೇಲೆ ಬಕೆಟ್ ಇಟ್ಕೊಂಡು, ಒಂದು ಕೈನ ಕುದುರೆಯ ಹಿಂಗಾಲಿನ ಹಿಂದಿನಿಂದ ಸುತ್ತಿ ತಂದು ಸರಸರ ಅಂತ ಕರೀತಾರೆ. ಒಂದು ಕುದುರೆಗೆ ಬರೋದು ಸ್ವಲ್ಪವೇ ಹಾಲು, ಅದಕ್ಕೇ ಸುಮಾರು ಎರಡು ಗಂಟೆಗೊಮ್ಮೆ ಕರೀಬೇಕು, ದಿನಕ್ಕೆ ಐದಾರು ಸಲ. ರಾತ್ರಿ ಮರಿಗಳನ್ನ ಬಿಟ್ಬಿಡ್ತಾರೆ, ಅದು ಅವುಗಳ ಪಾಲು. ಕರೆದ ಹಾಲು ಬಾಗಿಲ ಪಕ್ಕ ತೂಗುಹಾಕಿರೋ ದನದ ಚರ್ಮದ ಚೀಲಕ್ಕೆ ಹೋಗತ್ತೆ, ಹಳೇ ಐರಾಗೇ ಹೆಪ್ಪು, ಅದನ್ನ ಮರದ ಕಡೆಗೋಲಿಂದ ದಿನಾ ಸಾವಿರಾರು ಸಲ ಕುಟ್ಟಬೇಕು, ಒಳಗೆ ಬಂದೋರೂ ಹೊರಗೆ ಹೋಗೋರೂ ನಾಲ್ಕು ಸಲ ಕುಟ್ಟಿ ಹೋಗ್ತಾರೆ, ನಾವೂ ಕುಟ್ಟಿದ್ವಿ. ಈಗ ಎಷ್ಟೋ ಮನೇಲಿ ಚರ್ಮದ ಬದಲು ಪ್ಲಾಸ್ಟಿಕ್ ಡ್ರಮ್ ಬಂದಿದೆ, ಚರ್ಮದ ಚೀಲದ ವಿಧಾನ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ರುಚಿ ಹುಳಿ ಮಜ್ಜಿಗೆಗೆ ಸೋಡಾ ಬೆರೆಸಿದ ಹಾಗೆ, ನಶೆ ತುಂಬ ಕಮ್ಮಿ ಆದ್ರೆ ಇದೆ. ಮೊದಲ ದಿನ ಒಂದು ಬಟ್ಟಲಿಗೆ ನಿಲ್ಲಿಸಿ, ಹೊಟ್ಟೆ ಒಗ್ಗಿಕೊಳ್ಳೋಕೆ ಟೈಮ್ ಬೇಕು. ಬೇಡ ಅನ್ನೋರು ಬಟ್ಟಲು ತಗೊಂಡು ತುಟಿಗೆ ತಾಗಿಸಿ ವಾಪಸ್ ಕೊಟ್ರೆ ಸಾಕು, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಸಸ್ಯಾಹಾರಿಗಳಿಗೆ ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಕಷ್ಟ ಇದೆ, ಆದ್ರೆ ಆಗದ ಮಾತಲ್ಲ. ಇಲ್ಲಿ ತರಕಾರಿ ಬೆಳೆಯೋ ಕಾಲ ತುಂಬ ಚಿಕ್ಕದು, ಮನೆಗಳು ಜಾಗ ಬದಲಾಯಿಸ್ತಾನೇ ಇರ್ತವೆ, ಹಾಗಾಗಿ ಮಾಂಸ ಇವರಿಗೆ ಅನ್ನದ ಜಾಗದಲ್ಲಿದೆ. ಕುರಿಮಾಂಸ ತುಂಬಿದ ಮೋಮೋ ಥರದ ಬೂಜ್, ಎಣ್ಣೇಲಿ ಕರಿದ ಹೂಶೂರ್, ನೂಡಲ್ಸ್ ಥರದ ತ್ಸೂಯ್ವನ್, ಎಲ್ಲದರಲ್ಲೂ ಮಾಂಸ. ನನ್ನ ಜೊತೆ ಬಂದವಳು ಮೊಟ್ಟೇನೂ ತಿನ್ನಲ್ಲ, ಏಜೆನ್ಸಿಗೆ ಬರೆದು ತಿಳಿಸಿದ್ವಿ, ಆದ್ರೆ ಅವರು ಮನೆಯವರಿಗೆ ಹೇಳೇ ಇರಲಿಲ್ಲ, ಅಕ್ಕ ಪಾಪ ಕುರಿ ಸಾರು ಇಟ್ಕೊಂಡು ಕಾಯ್ತಿದ್ರು, ಎಲ್ರಿಗೂ ಮುಜುಗರ. ಗೈಡ್ ವಿಷಯ ಹೇಳಿದ ಮೇಲೆ ಅಕ್ಕ ಅಲ್ಲೇ ಹಿಟ್ಟು ಕಲಸಿ ಲಟ್ಟಿಸಿ ಕತ್ತರಿಸಿ, ಆಲೂಗಡ್ಡೆ ಕ್ಯಾರೆಟ್ ಹಾಕಿ ತ್ಸೂಯ್ವನ್ ಮಾಡ್ಕೊಟ್ರು. ಅದಾದ ಮೇಲೆ ಪ್ರತಿ ಹೊತ್ತೂ ಅವಳಿಗೆ ಬೇರೆ ಬಾಣಲೆ. ಏಜೆನ್ಸಿಯ ಈ ನಿರ್ಲಕ್ಷ್ಯಕ್ಕೆ ನಾನು ಒಂದು ಸ್ಟಾರ್ ಕಟ್ ಮಾಡ್ತೀನಿ, ಮನೆಯವರಿಗೆ ಐದಕ್ಕೆ ಐದು. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಜೊತೇಲಿ ಒಯ್ಯಿರಿ. ಚಟ್ನಿಪುಡೀನ ಅಜ್ಜಿ ಒರೋಮ್ ಜೊತೆ ನೆಂಚ್ಕೊಂಡು ತಿಂದ್ರು. ಮಾಂಸ ತಿನ್ನೋರು ಹೊರ್‌ಹೋಗ್ ಮಾಡೋ ದಿನ ತಪ್ಪಿಸ್ಕೋಬೇಡಿ, ಹೊಳೆಕಲ್ಲನ್ನ ಬೆಂಕೀಲಿ ಕೆಂಪಗೆ ಕಾಯಿಸಿ, ಹಾಲಿನ ಕ್ಯಾನಿನಲ್ಲಿ ಒಂದು ಸುತ್ತು ಮಾಂಸ ಒಂದು ಸುತ್ತು ಕಲ್ಲು ಹಾಕಿ ಮುಚ್ಚಳ ಬಿಗಿದು ಬೇಯಿಸ್ತಾರೆ, ತೆಗೆದ ಮೇಲೆ ಆ ಜಿಡ್ಡು ಕಲ್ಲನ್ನ ಎಲ್ರೂ ಈ ಕೈಯಿಂದ ಆ ಕೈಗೆ ಹಾರಿಸ್ತಾ ಇರ್ತಾರೆ, ದಣಿವು ಹೋಗತ್ತೆ ಅನ್ನೋ ನಂಬಿಕೆ.

ಸೌಲಭ್ಯದ ಮಾತು. ಟಾಯ್ಲೆಟ್ ಅಂದ್ರೆ ಗೆರ್‌ನಿಂದ ದೂರದಲ್ಲಿ ಗುಂಡಿ, ಮೇಲೆ ಎರಡು ಹಲಗೆ, ಸುತ್ತ ಮರದ ಮರೆ. ರಾತ್ರಿ ಟಾರ್ಚ್ ಬೇಕೇ ಬೇಕು, ನಾಯಿಗಳಿರ್ತವೆ, ಮನೆಯವರನ್ನ ಕರ್ಕೊಂಡೇ ಹೊರಗೆ ಹೋಗಿ. ಸ್ನಾನ ಇಲ್ಲ, ಹೊಳೆ ಇದೆ, ನೀರು ಕೊರೆಯೋಷ್ಟು ತಣ್ಣಗೆ. ಸೋಪು ಶಾಂಪೂನ ನೇರ ಹೊಳೆಗೆ ಬಿಡೋದು ಅಲ್ಲಿ ದೊಡ್ಡ ತಪ್ಪು, ಬಕೆಟ್‌ನಲ್ಲಿ ನೀರು ತಗೊಂಡು ದೂರ ಹೋಗಿ ತೊಳ್ಕೋಬೇಕು. ಕರೆಂಟು ಸೋಲಾರ್‌ದು, ಗೆರ್ ಪಕ್ಕ ಒಂದು ಪ್ಯಾನೆಲ್, ಒಂದು ಬ್ಯಾಟರಿ. ಒಂದು ಲಕ್ಷ ಗೆರ್‌ಗಳಿಗೆ ಸೋಲಾರ್ ಕೊಡೋ ಯೋಜನೇನ ಸರ್ಕಾರ 2000ನೇ ಇಸವಿ ಹೊತ್ತಿಗೆ ಶುರು ಮಾಡ್ತು, ಹಾಗಾಗಿ ಲೈಟು, ಟಿವಿ, ಫೋನ್ ಚಾರ್ಜು ನಡಿಯತ್ತೆ, ಆದ್ರೆ ಮನೆಯವರ ಬ್ಯಾಟರಿ ಖಾಲಿ ಮಾಡ್ಬೇಡಿ, ಪವರ್ ಬ್ಯಾಂಕ್ ಒಯ್ಯಿರಿ. ಒಲೆಗೆ ಒಣಗಿದ ಸಗಣಿ, ವಾಸನೆ ಅಷ್ಟಿಲ್ಲ, ಬೇಗ ಬಿಸಿಯಾಗತ್ತೆ ಬೇಗ ಆರತ್ತೆ. ಜುಲೈನಲ್ಲೂ ಬೆಳಗಿನ ಜಾವ ಹಲ್ಲು ಕಟಕಟ ಅನ್ನತ್ತೆ, ಸ್ವೆಟರ್ರು ಟೋಪಿ ಇರಲಿ.

ನಮ್ಮ ಕಡೆ ಬೆಳಗಾವಿ ಬಾಗಲಕೋಟೆ ಭಾಗದ ಕುರಿಗಾರರು ವರ್ಷದಲ್ಲಿ ಎಷ್ಟೋ ತಿಂಗಳು ಹಿಂಡು ಹೊಡ್ಕೊಂಡು ಊರೂರು ಸುತ್ತೋದನ್ನ ನೋಡಿದೋರಿಗೆ ಇವರ ಬದುಕಿನ ಲೆಕ್ಕ ಬೇಗ ಅರ್ಥ ಆಗತ್ತೆ. ಇವರು ಕಂಡಕಂಡ ಕಡೆ ಅಲೆಯಲ್ಲ, ನಾಲ್ಕು ಕಾಲಕ್ಕೂ ಗೊತ್ತಾದ ಜಾಗ ಇದೆ. ಬೇಸಿಗೆಗೆ ಹೊಳೆ ದಂಡೆಯ ಬಯಲು, ಚಳಿಗಾಲಕ್ಕೆ ಗಾಳಿ ತಡಿಯೋ ಗುಡ್ಡದ ಮರೆ, ಅಲ್ಲಿ ಮರದ ದೊಡ್ಡಿ ಇರತ್ತೆ. ಚಳಿಗಾಲದ ಹುಲ್ಲು ಉಳೀಲಿ ಅಂತಾನೇ ಬೇಸಿಗೇಲಿ ಆ ಕಡೆ ಹೋಗಲ್ಲ. ಹುಲ್ಲುಗಾವಲನ್ನ ಯಾರೂ ಸ್ವಂತಕ್ಕೆ ಕೊಳ್ಳೋ ಹಾಗಿಲ್ಲ, 1992ರ ಸಂವಿಧಾನದಲ್ಲೇ ಅದನ್ನ ಖಾಸಗಿ ಒಡೆತನದಿಂದ ಹೊರಗಿಟ್ಟಿದಾರೆ. ಸುಮಾರು 15.6 ಲಕ್ಷ ಚದರ ಕಿ.ಮೀ. ದೇಶಕ್ಕೆ ಜನ 35 ಲಕ್ಷದ ಆಸುಪಾಸು, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಉಲಾನ್‌ಬಾತರ್‌ನಲ್ಲೇ ಇದಾರೆ, ಉಳಿದ ಬಯಲಲ್ಲಿ ಕುರಿ, ಆಡು, ಕುದುರೆ, ದನ-ಯಾಕ್, ಒಂಟೆ, ಈ ಐದು ಜಾತಿಯ ಜಾನುವಾರೇ ಆಸ್ತಿ. ಜನಕ್ಕಿಂತ ಕುದುರೆಗಳೇ ಜಾಸ್ತಿ. ಎದುರಾದ ಕುರಿಗಾರರು ಒಬ್ಬರಿಗೊಬ್ಬರು ಮೊದಲು ಕೇಳೋದು ನಿಮ್ಮ ಜಾನುವಾರು ಮೈತುಂಬಿಕೊಂಡಿದಾವಾ ಅಂತ.

ಆ ಪ್ರಶ್ನೆ ಸುಮ್ನೆ ಬಾಯಿಮಾತಿಗಲ್ಲ. ರಾತ್ರಿ ಯಜಮಾನ್ರು ಜುದ್ ಅನ್ನೋ ಚಳಿಗಾಲದ ಆಪತ್ತಿನ ಬಗ್ಗೆ ಮಾತಾಡಿದ್ರು. ಬೇಸಿಗೇಲಿ ಮಳೆ ಕೈಕೊಟ್ಟು ಹುಲ್ಲು ಸರಿಯಾಗಿ ಬೆಳೆದಿರಲ್ಲ, ಜಾನುವಾರಿಗೆ ಕೊಬ್ಬು ಕಟ್ಟಿರಲ್ಲ, ಅದರ ಮೇಲೆ ಚಳಿಗಾಲದಲ್ಲಿ ಹಿಮ ಆಳಕ್ಕೆ ಬಿದ್ದು, ಇಲ್ಲಾ ಬಿದ್ದ ಹಿಮ ಕರಗಿ ಮತ್ತೆ ಕಲ್ಲಿನ ಹಾಗೆ ಹೆಪ್ಪುಗಟ್ಟಿ, ಗೊರಸಿಂದ ಕೆರೆದ್ರೂ ಹುಲ್ಲು ಸಿಗದೆ ನಿಂತ ಜಾಗದಲ್ಲೇ ಸಾಯ್ತವೆ. 2009-10ರಲ್ಲಿ 80 ಲಕ್ಷಕ್ಕೂ ಹೆಚ್ಚು ಸತ್ವು, 2023-24ರ ಚಳಿಗಾಲದಲ್ಲಿ ಮತ್ತೆ 70 ಲಕ್ಷ ದಾಟ್ತು. ಹಿಂಡು ಕಳ್ಕೊಂಡೋರು ಗೆರ್ ಬಿಚ್ಕೊಂಡು ಉಲಾನ್‌ಬಾತರ್ ಅಂಚಿಗೆ ಬಂದು ನಿಲ್ಲಿಸ್ಕೋತಾರೆ, ನಗರದ ಸುತ್ತ ಗುಡ್ಡಗಳ ಮೇಲೆ ಕಾಣೋ ಗೆರ್ ಬಡಾವಣೆಗಳಿಗೆ ಇದೂ ಒಂದು ಕಾರಣ. ಇನ್ನೊಂದು ಕಡೆ ಕ್ಯಾಶ್ಮೀರ್ ಉಣ್ಣೆಗೆ ಒಳ್ಳೇ ರೇಟು ಅಂತ ಆಡುಗಳ ಸಂಖ್ಯೆ ವಿಪರೀತ ಏರಿದೆ, ಚೀನಾ ಬಿಟ್ರೆ ಜಗತ್ತಿಗೆ ಅತಿ ಹೆಚ್ಚು ಕ್ಯಾಶ್ಮೀರ್ ಕೊಡೋದು ಮಂಗೋಲಿಯಾನೇ, ಆಡು ಹುಲ್ಲನ್ನ ಬುಡಸಮೇತ ಮೇಯತ್ತೆ, ಬಯಲು ಬೋಳಾಗ್ತಿದೆ ಅಂತ ಅವರೇ ಹೇಳಿದ್ರು, ಆದ್ರೆ ಮಕ್ಕಳ ಕಾಲೇಜು ಫೀಸು ಬರೋದೂ ಅದೇ ಆಡಿಂದ.

ಇದಕ್ಕೇ ನಾನು ಹೋಮ್‌ಸ್ಟೇ ಹೋಮ್‌ಸ್ಟೇ ಅಂತ ಇಷ್ಟು ಒತ್ತಿ ಹೇಳ್ತಿರೋದು. ಬೇಸಿಗೇಲಿ ನಾಲ್ಕು ಜನ ಬಂದು ಉಳ್ಕೊಂಡ್ರೆ ಬರೋ ದುಡ್ಡು ಚಳಿಗಾಲಕ್ಕೆ ಮೇವು ಕೊಳ್ಳೋಕೆ ಆಗತ್ತೆ. ಇವರು ಬಯಲಲ್ಲೇ ಉಳೀಬೇಕು ಅಂದ್ರೆ ಇಂಥ ಒಂದು ಆಸರೆ ಬೇಕು.

ಬೈಲಕುಪ್ಪೆ, ಮುಂಡಗೋಡು ಗೊತ್ತಿರೋರಿಗೆ ಒಂದು ವಿಷಯ ಹೇಳ್ಬೇಕು. ನಾವು ಕರ್ನಾಟಕದವರು ಅಂದಾಗ ಮನೆಯವರಿಗೆ ಏನೂ ಗೊತ್ತಾಗಲಿಲ್ಲ, ಮುಂಡಗೋಡು ಅಂದ ಕೂಡ್ಲೇ ಅಜ್ಜಿ ಎದ್ದು ಕೂತ್ರು. ಅಲ್ಲಿನ ಡ್ರೆಪುಂಗ್ ಗೋಮಾಂಗ್ ಅನ್ನೋ ಟಿಬೆಟಿಯನ್ ಬೌದ್ಧ ಮಠದಲ್ಲಿ ಮಂಗೋಲಿಯಾದ ಹುಡುಗರು ತುಂಬ ಜನ ಓದ್ತಾರೆ, ಅಜ್ಜಿಯ ಕಡೆ ಸಂಬಂಧಿಕರ ಹುಡುಗನೂ ಅಲ್ಲೇ ಇದಾನೆ. ಮೈನಸ್ 30 ಡಿಗ್ರಿ ಚಳೀಲಿ ಬೆಳೆದ ಹುಡುಗ ಉತ್ತರ ಕನ್ನಡದ ಮಳೆ ಸೆಖೇಲಿ ಹೇಗಿದಾನೋ, ಊಟ ಏನು ಮಾಡ್ತಾನೋ ಅಂತ ಒಂದೇ ಸಮನೆ ಕೇಳಿದ್ರು. ಭಾರತದ ರಾಯಭಾರಿಯಾಗಿ 1990ರಿಂದ 2000ದವರೆಗೆ ಅಲ್ಲಿದ್ದ ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ ಹೆಸರೂ ಅಜ್ಜಿ ಬಾಯಲ್ಲಿ ಬಂತು, ಮುಚ್ಚಿಹೋಗಿದ್ದ ಮಠಗಳಿಗೆ ಮತ್ತೆ ಜೀವ ತುಂಬೋಕೆ ಅವರು ಮಾಡಿದ ಕೆಲಸ ಅಲ್ಲಿನ ಹಿರಿಯರು ಮರೆತಿಲ್ಲ.

ಬೇಜಾರಾಗಿದ್ದೂ ಬರೀತೀನಿ. ಏಜೆನ್ಸಿ ಹಾಕಿಕೊಟ್ಟ ಪ್ಲ್ಯಾನ್‌ನಲ್ಲಿ ಗಾಡೀಲಿ ಕೂರೋದೇ ಜಾಸ್ತಿ, ಗೋಬಿ ಮರುಭೂಮಿ, ಓರ್ಖೋನ್ ಜಲಪಾತ, ತೆರ್ಖಿನ್ ತ್ಸಗಾನ್ ಸರೋವರ ಎಲ್ಲ ಒಂದೇ ಟ್ರಿಪ್‌ಗೆ ತುರುಕಿದ್ರು, ನಾವು ಜಗಳ ಮಾಡಿ ಗೋಬಿ ತೆಗೆಸಿ ಈ ಮನೇಲಿ ಹೆಚ್ಚು ದಿನ ಇಟ್ಕೊಂಡ್ವಿ. ಒಂದು ರಾತ್ರಿಗೆ ಹೋಗಿ ಬಂದ್ರೆ ಫೋಟೋ ಸಿಗತ್ತೆ ಅಷ್ಟೇ, ಕಮ್ಮಿ ಅಂದ್ರೂ ಮೂರು ರಾತ್ರಿ ಇರಿ, ಮೂರನೇ ದಿನ ನಿಮ್ಮ ಕೈಗೂ ಬಕೆಟ್ ಕೊಡ್ತಾರೆ. ಕುದುರೆ ಸವಾರಿಗೆ ಹೆಲ್ಮೆಟ್ ಇರಲಿಲ್ಲ, ಅದು ಸರಿಯಲ್ಲ, ಕುದುರೆಗಳು ಗಿಡ್ಡ ಇದ್ರೂ ಅರ್ಧ ಕಾಡು ಬುದ್ಧಿಯವು, ಎಡಗಡೆಯಿಂದಲೇ ಹತ್ತಬೇಕು, ಹತ್ತುವಾಗ ಜಾಕೆಟ್ ಬಿಚ್ಚೋದು, ಪ್ಲಾಸ್ಟಿಕ್ ಕವರ್ ಸದ್ದು ಮಾಡೋದು ಬೇಡ. ಹೆಲ್ಮೆಟ್ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ.

ಬೆಂಗಳೂರಿಂದ ಹೋಗೋರು ವಿಮಾನ ಬದಲಾಯಿಸ್ಕೊಂಡೇ ಹೋಗ್ಬೇಕು, ವೀಸಾ ನಿಯಮ ಹೊರಡೋ ಮುಂಚೆ ಎಂಬೆಸಿ ಸೈಟ್‌ನಲ್ಲಿ ನೋಡ್ಕೊಳ್ಳಿ. ಮನೆಗೆ ಉಡುಗೊರೆಯಾಗಿ ಟೀ ಪುಡಿ, ಹಣ್ಣು, ಮಕ್ಕಳಿಗೆ ನೋಟ್‌ಬುಕ್ಕು ಬಣ್ಣದ ಪೆನ್ಸಿಲ್ಲು ಒಯ್ಯಿರಿ, ಎರಡೂ ಕೈಯಲ್ಲಿ ಕೊಡಿ. ಬುಕ್ ಮಾಡೋ ಮುಂಚೆ ಏಜೆನ್ಸಿಯವರನ್ನ ಕೇಳಿ, ನಾವು ಉಳ್ಕೊಳ್ಳೋ ಮನೆಯವರಿಗೆ ಸ್ವಂತ ಹಿಂಡು ಇದ್ಯಾ, ಚಳಿಗಾಲದಲ್ಲೂ ಅವರು ಇದೇ ಕೆಲಸ ಮಾಡ್ತಾರಾ, ನಾವು ಕೊಡೋ ದುಡ್ಡಲ್ಲಿ ಅವರಿಗೆ ಎಷ್ಟು ಹೋಗತ್ತೆ, ನಮ್ಮ ಊಟದ ವಿಷಯ ಅವರಿಗೆ ಯಾರು ಯಾವಾಗ ತಿಳಿಸ್ತಾರೆ ಅಂತ. ನೇರವಾಗಿ ಉತ್ತರ ಕೊಡೋರ ಜೊತೆ ಹೋಗಿ, ಸುತ್ತಿ ಬಳಸಿ ಮಾತಾಡೋರನ್ನ ಬಿಟ್ಟು ಇನ್ನೊಬ್ಬರನ್ನ ನೋಡಿ.